ಎರಡನೇ ಹಿಡಿಕೆ ಯಾವ ಕಡೆ ಇದೆ, ಕೇಳಿ

ಕಾಲೇಜು ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಬಂದು ಬೀಳುವ ಸ್ಕೈಡೈವಿಂಗ್ ಪೋಸ್ಟರ್‌ಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: 'ಯಾವುದೇ ಅನುಭವ ಬೇಕಿಲ್ಲ'. ನನ್ನ ತಕರಾರಿರುವುದು ಆ ಸಾಲಿನ ಬಗ್ಗೆಯೇ. ಮೊದಲ ಸಲ ಜಿಗಿಯುವವರಿಗೆ ಅನುಭವ ಎಲ್ಲಿಂದ ಬರಬೇಕು, ಅದು ಬೇಕಿಲ್ಲ ಎನ್ನುವುದು ಸರಿಯೇ. ಆದರೆ ತರಬೇತಿ ಎಷ್ಟು ಗಂಟೆ, ಮೀಸಲು ಪ್ಯಾರಾಚೂಟನ್ನು ಮಡಚಿದವರು ಯಾರು, ಮೊದಲನೆಯದು ಬಿಚ್ಚಿಕೊಳ್ಳದಿದ್ದರೆ ಏನು ಮಾಡಬೇಕು ಎಂಬ ಒಂದೇ ಒಂದು ಅಕ್ಷರವೂ ಆ ಪೋಸ್ಟರ್‌ಗಳಲ್ಲಿ ಇರುವುದಿಲ್ಲ. ನೀಲಿ ಆಕಾಶ ಇರುತ್ತದೆ, ಹೆಬ್ಬೆರಳು ಎತ್ತಿ ನಗುವ ಮುಖ ಇರುತ್ತದೆ, ಕೆಳಗೆ ಹಣ ಕಳಿಸಲು ಕ್ಯೂಆರ್ ಕೋಡ್ ಇರುತ್ತದೆ.

ನಾನು ಹುಣಸೂರು ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಯವಳು. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ವಿಮಾನದಿಂದ ಜಿಗಿದವಳಲ್ಲ. ಜಿಗಿಯಬೇಕೆಂಬ ಆಸೆ ಇರುವವಳು. ದಸರೆಯ ಹೊತ್ತಿನಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಮೇಲೆ ವಾಯುಪಡೆಯ ಆಕಾಶಗಂಗಾ ತಂಡದವರು ಬಣ್ಣಬಣ್ಣದ ಪ್ಯಾರಾಚೂಟ್‌ಗಳಲ್ಲಿ ಇಳಿದದ್ದನ್ನು ನೋಡಿದ ನಮ್ಮ ವಯಸ್ಸಿನವರಲ್ಲಿ ಆ ಆಸೆ ಹುಟ್ಟದವರು ಕಡಿಮೆ. ಅಂತರ್ಜಾಲದಲ್ಲಿ 'ಭಾರತದಲ್ಲಿ ಸ್ಕೈಡೈವಿಂಗ್ ಎಲ್ಲಿ' ಎಂದು ಹುಡುಕಿದರೆ ಹರಿಯಾಣದ ನಾರ್ನೌಲ್ ಜೊತೆಗೆ ನಮ್ಮ ಮೈಸೂರಿನ ಹೆಸರೂ ಬರುತ್ತದೆ. ಹಾಗಾಗಿ ಇದು ನಮಗೆ ಅಮೆರಿಕದ ಮಾತಲ್ಲ, ಮಂಡಕಳ್ಳಿಯ ಮಾತು.

ಈ ಲೇಖನ ಬರೆಯಲು ಕಾರಣ ಪಿರಿಯಾಪಟ್ಟಣದಲ್ಲಿರುವ ನಮ್ಮ ದೊಡ್ಡಪ್ಪನ ಮಗ. ಡಿಗ್ರಿ ಮುಗಿಸಿ ಎರಡು ವರ್ಷವಾಯಿತು. ಒಂದು ಪರೀಕ್ಷೆ ಬರೆದು ಇನ್ನೊಂದರ ಅಧಿಸೂಚನೆಗೆ ಕಾಯುತ್ತ, ನಡುವೆ ಕೊರಿಯರ್ ಪಾರ್ಸೆಲ್ ಹಂಚುವ ಕೆಲಸ ಮಾಡುತ್ತಿದ್ದಾನೆ. ಅದರಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದು ಸಲ ಜಿಗಿಯಬೇಕೆಂದು ತೀರ್ಮಾನಿಸಿ, ಆಯೋಜಕರು ಕಳಿಸಿದ್ದ ಫಾರ್ಮನ್ನು ನನಗೆ ತೋರಿಸಿದ. ಮೂರು ಪುಟ. ಎರಡೂವರೆ ಪುಟದಲ್ಲಿ ಸಾವು, ಗಾಯ, ಅಂಗವೈಕಲ್ಯ ಯಾವುದಕ್ಕೂ ತಾವು ಹೊಣೆಯಲ್ಲ ಎಂದು ಬೇರೆ ಬೇರೆ ಮಾತುಗಳಲ್ಲಿ ಬರೆದಿತ್ತು. ತರಬೇತಿಯ ಬಗ್ಗೆ ಇದ್ದದ್ದು ಎರಡು ಸಾಲು.

"ಅಣ್ಣಾ, ಇದು ಟ್ಯಾಂಡಮ್ಮಾ, ಸ್ಟ್ಯಾಟಿಕ್ ಲೈನಾ?" ಅಂತ ಕೇಳಿದೆ.

"ಅದೇನೋ ನಂಗೊತ್ತಿಲ್ಲ ಕಣವ್ವ. ಮೇಲಿಂದ ಹಾರದು. ಬೆಲ್ಟ್ ಹಾಕ್ತಾರಂತೆ, ಇಪ್ಪತ್ತು ನಿಮಿಷ ಹೇಳ್ಕೊಡ್ತಾರಂತೆ, ಅಷ್ಟೇಯ" ಅಂದ.

ಅವನು ದಡ್ಡನಲ್ಲ. ಒಂದು ಮೊಬೈಲ್ ಕೊಳ್ಳುವಾಗ ಹತ್ತು ರಿವ್ಯೂ ನೋಡುವವನು. ಆದರೆ ಇಲ್ಲಿ ಏನು ಕೇಳಬೇಕೆಂದೇ ನಮಗೆ ಯಾರೂ ಹೇಳಿಕೊಟ್ಟಿಲ್ಲ. 'ಇಪ್ಪತ್ತು ನಿಮಿಷ' ಸಾಕೇ ಸಾಲದೇ ಎನ್ನುವುದು ನಾನು ಕೇಳಿದ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ.

ಟ್ಯಾಂಡಮ್ ಎಂದರೆ ತರಬೇತುದಾರರ ಎದೆಗೆ ನಿಮ್ಮ ಬೆನ್ನನ್ನು ಕಟ್ಟಿಕೊಂಡು ಇಬ್ಬರೂ ಒಟ್ಟಿಗೆ ಜಿಗಿಯುವುದು. ಪ್ಯಾರಾಚೂಟ್ ಇರುವುದು ಅವರ ಬೆನ್ನ ಮೇಲೆ. ಎಳೆಯುವವರು, ತಿರುಗಿಸುವವರು, ತುರ್ತು ಬಂದರೆ ನಿಭಾಯಿಸುವವರು ಎಲ್ಲ ಅವರೇ. ವಿಮಾನದ ಬಾಗಿಲಲ್ಲಿ ದೇಹ ಬಿಲ್ಲಿನಂತೆ ಬಾಗಿಸುವುದು, ಇಳಿಯುವಾಗ ಕಾಲೆತ್ತಿ ಹಿಡಿಯುವುದು ಇಷ್ಟು ಕಲಿತರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಅದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಅಲ್ಲಿ ನೋಡಬೇಕಾದದ್ದು ನಿಮ್ಮ ತರಬೇತಿಯನ್ನಲ್ಲ, ಕಟ್ಟಿಕೊಂಡವರ ಅನುಭವವನ್ನು. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮದಲ್ಲಿ ಟ್ಯಾಂಡಮ್ ತರಬೇತುದಾರರಾಗಲು ಕನಿಷ್ಠ 500 ಜಿಗಿತ ಮತ್ತು ಮೂರು ವರ್ಷಗಳ ಅನುಭವ ಬೇಕು.

ಸ್ಟ್ಯಾಟಿಕ್ ಲೈನ್‌ನಲ್ಲಿ ನೀವು ಒಬ್ಬರೇ. ವಿಮಾನಕ್ಕೆ ಕಟ್ಟಿದ ಪಟ್ಟಿಯೊಂದು ನೀವು ಹೊರಬಿದ್ದ ಕೂಡಲೇ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ಜಿಗಿತ ಮೂರು ಮೂರೂವರೆ ಸಾವಿರ ಅಡಿಯ ಆಸುಪಾಸಿನಿಂದ ನಡೆಯುತ್ತದೆ. ಬಿಚ್ಚಿಕೊಂಡ ಮೇಲೆ ಅದು ಸರಿಯಾಗಿದೆಯೇ ಎಂದು ನೋಡುವವರು ನೀವು. ತಿರುಗಿಸಿ ಇಳಿಸುವವರು ನೀವು. ಕೆಟ್ಟರೆ ಬಿಡಿಸಿಕೊಂಡು ಮೀಸಲನ್ನು ಎಳೆಯುವವರೂ ನೀವೇ. ಮೂರನೆಯ ದಾರಿ ಎಎಫ್‌ಎಫ್. ಅಲ್ಲಿ ಮೊದಲ ಜಿಗಿತದಲ್ಲಿ ಇಬ್ಬರು ತರಬೇತುದಾರರು ಅಕ್ಕಪಕ್ಕ ಹಿಡಿದುಕೊಂಡು ಬೀಳುತ್ತಾರೆ, ಆದರೆ ಪ್ಯಾರಾಚೂಟ್ ನಿಮ್ಮ ಬೆನ್ನ ಮೇಲೇ ಇರುತ್ತದೆ, ಅದು ಬಿಚ್ಚಿಕೊಂಡ ಮೇಲೆ ನೀವು ಒಬ್ಬರೇ. ಈ ಎರಡಕ್ಕೂ ನೆಲದ ಮೇಲಿನ ಪಾಠವೇ ನಾಲ್ಕರಿಂದ ಆರು ಗಂಟೆ. ಒಬ್ಬರೇ ಜಿಗಿಯುವ ಪದ್ಧತಿಗೆ ಇಪ್ಪತ್ತು ನಿಮಿಷದ ಪಾಠ ಎಂದು ಯಾರಾದರೂ ಹೇಳಿದರೆ ದುಡ್ಡು ಜೇಬಿನಲ್ಲೇ ಇರಲಿ.

ಆರು ಗಂಟೆ ಏನು ಹೇಳಿಕೊಡುತ್ತಾರೆ ಎಂದು ನಿಮಗನ್ನಿಸಬಹುದು. ಅದಕ್ಕೆ ಬೆನ್ನ ಮೇಲಿನ ಚೀಲವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ನಾನು ಮೆಕ್ಯಾನಿಕಲ್ ವಿದ್ಯಾರ್ಥಿನಿ ಆಗಿರುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೇಸರಿಸಬೇಡಿ.

ಆ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಕೆಳಗೆ ಮುಖ್ಯದ್ದು, ಮೇಲೆ ಮೀಸಲು. ಮುಖ್ಯದ್ದನ್ನು ಜಿಗಿಯುವವರು ತಾವೇ ಮಡಚಿಕೊಳ್ಳಬಹುದು. ಮೀಸಲನ್ನು ಹಾಗೆ ಮಡಚುವಂತಿಲ್ಲ. ಅದಕ್ಕೆಂದೇ ಪರವಾನಗಿ ಪಡೆದ ರಿಗ್ಗರ್ ಎಂಬವರು ಅದನ್ನು ಪರೀಕ್ಷಿಸಿ, ಮಡಚಿ, ದಾರ ಕಟ್ಟಿ ಸೀಲ್ ಹಾಕಿ, ಒಂದು ಕಾರ್ಡಿನಲ್ಲಿ ತಾರೀಕು ಬರೆದು ಸಹಿ ಮಾಡುತ್ತಾರೆ. ಅಮೆರಿಕದಲ್ಲಿ, ಒಮ್ಮೆಯೂ ಬಳಸದಿದ್ದರೂ, 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ ಮತ್ತೆ ಮಡಚಲೇಬೇಕು. ಆ ಕಾರ್ಡು ಚೀಲದ ಜೊತೆಗೇ ಇರುತ್ತದೆ. "ಸ್ವಲ್ಪ ತೋರಿಸಿ ಸರ್" ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಎಲ್‌ಪಿಜಿ ಸಿಲಿಂಡರ್ ಮನೆಗೆ ಬಂದಾಗ ನಮ್ಮವ್ವ ಸೀಲ್ ನೋಡಿಯೇ ಒಳಗಿಡಿಸಿಕೊಳ್ಳುವುದು.

ಇನ್ನು ನನಗೆ ಬಹಳ ಇಷ್ಟವಾದ ಭಾಗ, ಮೂರು ಉಂಗುರಗಳ ಬಿಡುಗಡೆ ವ್ಯವಸ್ಥೆ. ಹೆಗಲ ಹತ್ತಿರ ಮುಖ್ಯ ಪ್ಯಾರಾಚೂಟಿನ ಪಟ್ಟಿ ನಿಮ್ಮ ಸೊಂಟ-ಹೆಗಲಿನ ಕಟ್ಟಿಗೆ ಸೇರುವ ಜಾಗದಲ್ಲಿ ದೊಡ್ಡದು, ಮಧ್ಯಮ, ಸಣ್ಣದು ಹೀಗೆ ಮೂರು ಲೋಹದ ಉಂಗುರಗಳು ಒಂದರೊಳಗೊಂದು ಮಡಚಿಕೊಂಡಿರುತ್ತವೆ. ಕೊನೆಯ ಸಣ್ಣ ಉಂಗುರವನ್ನು ಹಿಡಿದಿರುವುದು ಒಂದು ದಾರದ ಕುಣಿಕೆ, ಆ ಕುಣಿಕೆಯನ್ನು ಹಿಡಿದಿರುವುದು ಅದರೊಳಗೆ ತೂರಿಸಿದ ತೆಳು ಕೇಬಲ್. ಒಂದೊಂದು ಉಂಗುರವೂ ಸನ್ನೆಗೋಲಿನಂತೆ ಕೆಲಸ ಮಾಡುವುದರಿಂದ, ಮನುಷ್ಯನ ಭಾರವಿಡೀ ಜೋತಾಡುತ್ತಿದ್ದರೂ ಕುಣಿಕೆಯ ಮೇಲೆ ಬೀಳುವ ಬಲ ತೀರಾ ಕಡಿಮೆ. ಕೇಬಲ್ಲನ್ನು ಎಳೆದರೆ ಕುಣಿಕೆ ಬಿಡುತ್ತದೆ, ಉಂಗುರಗಳು ಟಕ್ಕೆಂದು ಮಗುಚಿಕೊಳ್ಳುತ್ತವೆ, ಕೆಟ್ಟ ಪ್ಯಾರಾಚೂಟ್ ಹಾರಿಹೋಗುತ್ತದೆ. 1970ರ ದಶಕದಲ್ಲಿ ಬಿಲ್ ಬೂತ್ ಎಂಬ ಅಮೆರಿಕದವರು ಕಂಡುಹಿಡಿದದ್ದು ಇದು. ಮೊದಲ ಸೆಮಿಸ್ಟರ್‌ನಲ್ಲಿ ಸನ್ನೆಗೋಲಿನ ಲೆಕ್ಕವನ್ನು ಬಾಯಿಪಾಠ ಮಾಡಿ ಬರೆದ ನಮಗೆ, ಈ ಉದಾಹರಣೆಯನ್ನು ಒಬ್ಬರಾದರೂ ಹೇಳಿದ್ದರೆ ಆ ಅಧ್ಯಾಯ ಮರೆಯುತ್ತಿರಲಿಲ್ಲ.

ಆ ಕೇಬಲ್ಲಿಗೆ ಜೋಡಿಸಿದ ಹಿಡಿಕೆ ಎದೆಯ ಬಲಗಡೆ ಇರುತ್ತದೆ, ಸಾಮಾನ್ಯವಾಗಿ ಕೆಂಪು ಬಣ್ಣ. ಮೀಸಲಿನ ಹಿಡಿಕೆ ಎಡಗಡೆ, ಹಲವು ವಿದ್ಯಾರ್ಥಿ ಚೀಲಗಳಲ್ಲಿ ಲೋಹದ್ದು. ಕ್ರಮ ಹೀಗೆ: ಕೆಂಪನ್ನು ನೋಡು, ಹಿಡಿ. ಎಡಗಡೆಯದನ್ನು ನೋಡು. ದೇಹ ಬಾಗಿಸು. ಕೆಂಪನ್ನು ಕಿತ್ತು ಪೂರ್ತಿ ಎಳೆ. ಆಮೇಲೆ ಎಡಗಡೆಯದನ್ನು ಪೂರ್ತಿ ಎಳೆ. ಕ್ರಮ ತಪ್ಪಿದರೆ ಕೆಟ್ಟ ಪ್ಯಾರಾಚೂಟ್ ಇನ್ನೂ ಮೇಲಿರುವಾಗಲೇ ಮೀಸಲು ಬಿಚ್ಚಿಕೊಂಡು ಎರಡೂ ಸುತ್ತಿಕೊಳ್ಳುವ ಅಪಾಯವಿದೆ. ಹೇಳಲು ಹತ್ತು ಸೆಕೆಂಡಿನ ಮಾತು. ಇದನ್ನೇ ನೆಲದ ಮೇಲೆ, ಚೌಕಟ್ಟಿಗೆ ನೇತುಹಾಕಿದ ಪಟ್ಟಿಯಲ್ಲಿ ಜೋತಾಡುತ್ತ, ಮತ್ತೆ ಮತ್ತೆ ಮಾಡಿಸುತ್ತಾರೆ. ಕೈ ತಾನಾಗಿ ಅಲ್ಲಿಗೆ ಹೋಗುವವರೆಗೆ ಮಾಡಿಸಬೇಕು. ಆರು ಗಂಟೆಯಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ.

ಯಾಕೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನ ವೇಗ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಗಂಟೆಗೆ ಸುಮಾರು 190ರಿಂದ 200 ಕಿ.ಮೀ. ತಲುಪಿ ಅಲ್ಲಿಗೆ ನಿಲ್ಲುತ್ತದೆ. ಆ ವೇಗದಲ್ಲಿ ಸಾವಿರ ಅಡಿ ಕಳೆಯಲು ಐದೂವರೆ ಸೆಕೆಂಡ್. ಚಾಮುಂಡಿ ಬೆಟ್ಟ ಮೈಸೂರಿನ ನೆಲದಿಂದ ಹೆಚ್ಚುಕಡಿಮೆ ಸಾವಿರ ಅಡಿ ಎತ್ತರ. ಅಂದರೆ ಏದುಸಿರು ಬಿಡುತ್ತ ಸಾವಿರ ಮೆಟ್ಟಿಲು ಹತ್ತಿದ ಎತ್ತರ ಐದೂವರೆ ಸೆಕೆಂಡಿನಲ್ಲಿ ಮುಗಿದಿರುತ್ತದೆ. ಎಎಫ್‌ಎಫ್ ಕಲಿಯುವ ಹೊಸಬರಿಗೆ ಪ್ಯಾರಾಚೂಟ್ ಎಳೆಯಲು ಹೇಳುವುದು ಸುಮಾರು 5,500 ಅಡಿಯಲ್ಲಿ. ಮುಖ್ಯದ್ದು ಸರಿಯಿಲ್ಲವೆಂದು ತೀರ್ಮಾನಿಸಿ ಬಿಡಿಸಿಕೊಳ್ಳಲು ಇರುವ ಕೊನೆಯ ಗೆರೆ 2,500 ಅಡಿ. ಮುಖ್ಯದ್ದು ಹೊರಗೇ ಬಾರದೆ ಅದೇ ವೇಗದಲ್ಲಿ ಬೀಳುತ್ತಿದ್ದರೆ ಆ ಗೆರೆಯಿಂದ ನೆಲಕ್ಕೆ ಹದಿನಾಲ್ಕು ಸೆಕೆಂಡ್. ಆಗ ಕೂತು ಯೋಚಿಸಲು ಸಮಯವಿಲ್ಲ. ಯೋಚನೆಯನ್ನು ನೆಲದ ಮೇಲೆ ಮೊದಲೇ ಮಾಡಿ ಮುಗಿಸಿಕೊಂಡು ಹೋಗಬೇಕು.

ಇಲ್ಲೊಂದು ಸ್ಥಳೀಯ ಸಂಗತಿ ಹೇಳಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಕೈಗೆ ಕಟ್ಟಿಕೊಳ್ಳುವ ಎತ್ತರ ಮಾಪಕವನ್ನು ಇಳಿಯುವ ನೆಲದಲ್ಲಿ ಸೊನ್ನೆಗೆ ತಂದುಕೊಳ್ಳದೆ ಸಮುದ್ರಮಟ್ಟದ ಲೆಕ್ಕದಲ್ಲೇ ಬಿಟ್ಟರೆ, ಅದು '2,500' ತೋರಿಸುವ ಹೊತ್ತಿಗೆ ನೀವು ನೆಲದ ಮೇಲಿರುತ್ತೀರಿ! ಹಾಗಾಗಿಯೇ ವಿಮಾನ ಹತ್ತುವ ಮೊದಲು ಮಾಪಕ ಸೊನ್ನೆಯಲ್ಲಿದೆಯೇ ಎಂದು ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳುತ್ತಾರೆ.

ಮನುಷ್ಯ ಗಾಬರಿಯಲ್ಲಿ ಏನೂ ಮಾಡದೆ ಕೂತುಬಿಟ್ಟರೆ? ಅದಕ್ಕೂ ಒಂದು ಯಂತ್ರವಿದೆ. ಎಎಡಿ ಎನ್ನುತ್ತಾರೆ. 1991ರಲ್ಲಿ ಜರ್ಮನಿಯಿಂದ ಬಂದ ಸೈಪ್ರೆಸ್ ಇವುಗಳಲ್ಲಿ ಹೆಸರಾದದ್ದು. ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕುತ್ತ, ನೆಲದಿಂದ 750ರಿಂದ 1,000 ಅಡಿಯ ಆಸುಪಾಸಿನಲ್ಲಿ ಇನ್ನೂ ವೇಗವಾಗಿ ಬೀಳುತ್ತಿದ್ದರೆ ಮೀಸಲು ಚೀಲದ ಕುಣಿಕೆಯನ್ನು ತಾನೇ ಕತ್ತರಿಸುತ್ತದೆ. ಎಷ್ಟೋ ಜೀವ ಉಳಿಸಿದ ಯಂತ್ರ. ಆದರೆ ಅದನ್ನು ಯಾರಾದರೂ ಆನ್ ಮಾಡಿರಬೇಕು! ಹೊಸಬರ ಚೀಲದಲ್ಲಿ ಎಎಡಿ ಇದೆಯೇ, ಆನ್ ಆಗಿದೆಯೇ ಎನ್ನುವುದೂ ಕೇಳಬೇಕಾದ ಪ್ರಶ್ನೆ.

ಕೆಟ್ಟಿದ್ದೆಲ್ಲ ಬಿಡಿಸಿಕೊಳ್ಳುವಷ್ಟು ಕೆಟ್ಟಿರುವುದಿಲ್ಲ ಎನ್ನುವುದೂ ಪಾಠದ ಭಾಗ. ಹಗ್ಗಗಳು ಉಯ್ಯಾಲೆಯ ಹಗ್ಗದಂತೆ ಹೊಸೆದುಕೊಂಡಿದ್ದರೆ, ಪಟ್ಟಿಗಳನ್ನು ಅಗಲಿಸಿ ಹಿಡಿದು ಕಾಲು ಒದ್ದರೆ ಬಿಚ್ಚಿಕೊಳ್ಳುತ್ತವೆ. ಪ್ಯಾರಾಚೂಟಿನ ಅಂಚಿನ ಒಂದೆರಡು ಕೋಣೆ ಗಾಳಿ ತುಂಬದೆ ಮುದುಡಿದ್ದರೆ ಎರಡೂ ಬ್ರೇಕ್ ಎಳೆದರೆ ಸರಿಹೋಗುತ್ತದೆ. ಹೊಸಬರು ಮೂರು ವಿಷಯ ನೋಡಬೇಕು: ಚೌಕವಾಗಿದೆಯೇ, ಸ್ಥಿರವಾಗಿದೆಯೇ, ಹೇಳಿದಂತೆ ತಿರುಗುತ್ತದೆಯೇ. ಮೂರರಲ್ಲಿ ಒಂದಕ್ಕೆ 'ಇಲ್ಲ' ಎಂದಾದರೆ, ಗೆರೆ ದಾಟುವುದರೊಳಗೆ ಕೆಂಪು ಹಿಡಿಕೆ. ಸಾವಿರ ಅಡಿಗಿಂತ ಕೆಳಗಿದ್ದರೆ ಬಿಡಿಸಿಕೊಳ್ಳಲು ಹೋಗದೆ ಮೀಸಲನ್ನಷ್ಟೇ ಎಳೆಯಬೇಕು. ವಿಮಾನವೇ ಕೆಟ್ಟರೆ ಏನು ಮಾಡಬೇಕು ಎನ್ನುವುದಕ್ಕೂ ಪಾಠವಿದೆ, ಅಲ್ಲಿ ಉತ್ತರ ಸುಲಭ: ತರಬೇತುದಾರರು ಹೇಳಿದಂತೆ ಕೇಳು.

ನಿಜ ಹೇಳಬೇಕೆಂದರೆ ನನಗೆ ಇಳಿಯುವ ಪಾಠ ಇನ್ನೂ ಮುಖ್ಯ ಅನಿಸಿತು. ಅಮೆರಿಕದ ಸಂಘದ ಲೆಕ್ಕದಲ್ಲಿ 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಿಗೆ 10 ಸಾವು. ಅಲ್ಲಿನ ಸಾವುಗಳನ್ನು ನೋಡುತ್ತ ಹೋದರೆ, ಚೆನ್ನಾಗಿ ಬಿಚ್ಚಿಕೊಂಡ ಪ್ಯಾರಾಚೂಟಿನಡಿ, ಇಳಿಯುವ ಹೊತ್ತಿನಲ್ಲಿ ಸತ್ತವರೂ ಕಡಿಮೆಯಿಲ್ಲ. ಪುಸ್ತಕಗಳಲ್ಲಿ ಇಳಿಯುವಾಗಿನ ಅಡ್ಡಿಗಳೆಂದು ಮರ, ನೀರು, ಕಟ್ಟಡ, ವಿದ್ಯುತ್ ತಂತಿ ಎಂದು ಬರೆದಿರುತ್ತದೆ. ಓದುವಾಗ ನನಗೆ ಕಂಡದ್ದು ನಮ್ಮ ನಾಲ್ಕು ತಾಲ್ಲೂಕು. ಕೆ.ಆರ್. ನಗರದ ಕಡೆ ಗದ್ದೆ, ನಾಲೆ, ತೆಂಗು. ಹುಣಸೂರು, ಪಿರಿಯಾಪಟ್ಟಣದಲ್ಲಿ ಊರಿಗೆ ಹತ್ತಾರು ಹೊಗೆಸೊಪ್ಪಿನ ಬ್ಯಾರನ್ನು, ಹೊಲದ ನಡುವೆ ಪಂಪ್‌ಸೆಟ್ಟಿಗೆ ಎಳೆದ ತಂತಿ. ಎಚ್.ಡಿ. ಕೋಟೆಯಲ್ಲಿ ಕಬಿನಿ ಹಿನ್ನೀರು, ಕಾಡಂಚಿನ ಸೋಲಾರ್ ಬೇಲಿ. ಬೇಲಿಯಾಚೆ ಆನೆ ನಿಂತಿದ್ದರೆ ಏನು ಮಾಡಬೇಕೆಂದು ಯಾವ ಅಮೆರಿಕದ ಪುಸ್ತಕದಲ್ಲೂ ಬರೆದಿಲ್ಲ, ಅದನ್ನು ನಾವೇ ಬರೆಯಬೇಕು.

ಇವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ವಿದ್ಯುತ್ ತಂತಿ. ಗಾಳಿಯ ದಿಕ್ಕಿಗೆ ಇಳಿಯಬೇಕಾಗಿ ಬಂದರೂ ಸರಿ, ಮರಕ್ಕೆ ಹೋಗಬೇಕಾದರೂ ಸರಿ, ತಂತಿಯಿಂದ ತಪ್ಪಿಸಿಕೊಳ್ಳಬೇಕು. ಮರಕ್ಕೆ ಹೋಗುವುದು ಖಚಿತವಾದರೆ ಕಾಲು ಜೋಡಿಸಿ, ಮುಖ ಮುಚ್ಚಿಕೊಂಡು ಹೋಗಬೇಕು, ಸಿಕ್ಕಿಕೊಂಡರೆ ತಾನಾಗಿ ಇಳಿಯದೆ ಏಣಿ ತರುವವರೆಗೆ ಕಾಯಬೇಕು. ನೀರಾದರೆ ಎದೆಪಟ್ಟಿಯನ್ನು ಮೊದಲೇ ಸಡಿಲಿಸಿಕೊಳ್ಳಬೇಕು. ತಂತಿಯಲ್ಲಿ ಜೋತುಬಿದ್ದವರನ್ನು ಕರೆಂಟ್ ತೆಗೆಸುವವರೆಗೆ ಯಾರೂ ಮುಟ್ಟಬಾರದು. ನಮ್ಮೂರ ಜನ ಒಳ್ಳೆಯವರು, ಅದೇ ಕಷ್ಟ. ಯಾರಾದರೂ ಬಿದ್ದರೆ ಕೈಗೆ ಸಿಕ್ಕ ಗಳ ಹಿಡಿದು ಓಡಿಬರುತ್ತಾರೆ. ಒಬ್ಬರನ್ನು ಬಿಡಿಸಲು ಹೋಗಿ ಇಬ್ಬರು ಹೋದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. 1912ಕ್ಕೆ ಫೋನ್ ಮಾಡಿ ಸೆಸ್ಕ್‌ನವರಿಂದ ಲೈನ್ ಆಫ್ ಮಾಡಿಸುವ ಪಾಠ ಜಿಗಿಯುವವರಿಗಷ್ಟೇ ಅಲ್ಲ, ಪಂಪ್‌ಸೆಟ್ ಇರುವ ಪ್ರತಿ ಮನೆಗೂ ಬೇಕು.

ತರಬೇತಿ ಎಂಬ ಮಾತಿಗೆ ನಮ್ಮಲ್ಲಿ ಬೆಲೆ ಕಡಿಮೆ. ಅದರ ಪರಿಣಾಮಕ್ಕೆ ದೂರ ಹೋಗಬೇಕಿಲ್ಲ. 2018ರ ಜುಲೈನಲ್ಲಿ ಕೊಯಮತ್ತೂರಿನ ಕಾಲೇಜೊಂದರಲ್ಲಿ ವಿಪತ್ತು ನಿರ್ವಹಣೆಯ ಅಣಕು ಪ್ರದರ್ಶನ ನಡೆಯಿತು. ಕೆಳಗೆ ಬಲೆ ಹಿಡಿದು ನಿಂತಿದ್ದರು. ಎರಡನೇ ಮಹಡಿಯಲ್ಲಿ ಹಿಂಜರಿಯುತ್ತ ಕೂತಿದ್ದ 19 ವರ್ಷದ ವಿದ್ಯಾರ್ಥಿನಿಯನ್ನು ತರಬೇತುದಾರನೇ ತಳ್ಳಿದ. ಕೆಳಗಿನ ಮಹಡಿಯ ಸಜ್ಜಾಕ್ಕೆ ತಲೆ ಬಡಿದು ಆಕೆ ತೀರಿಕೊಂಡಳು. ಆ ವಿಡಿಯೊವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಆ ವ್ಯಕ್ತಿ ತಮ್ಮವನಲ್ಲ ಎಂದಿತು. ಅವನ ಅರ್ಹತೆಯನ್ನು ಮೊದಲೇ ಯಾರಾದರೂ ಕೇಳಿದ್ದರೆ ಎನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ಅದಕ್ಕೂ ಮೊದಲು, 2014ರ ಫೆಬ್ರುವರಿಯಲ್ಲಿ, ಸೇಲಂನಲ್ಲಿ ಜಿಗಿಯಲು ಹೋದ ಬೆಂಗಳೂರಿನ ಯುವತಿಯೊಬ್ಬರು ಪ್ಯಾರಾಚೂಟ್ ಸರಿಯಾಗಿ ತೆರೆದುಕೊಳ್ಳದೆ ಮೃತಪಟ್ಟರು.

ಹಾಗೆಂದು ಕಲಿತವರಿಗೆ ಅಪಾಯವೇ ಇಲ್ಲ ಎಂದು ನಾನು ಹೇಳಿದರೆ ಅದೂ ಸುಳ್ಳಾಗುತ್ತದೆ. 2025ರ ಫೆಬ್ರುವರಿಯಲ್ಲಿ ಆಗ್ರಾದಲ್ಲಿ ಪ್ಯಾರಾಚೂಟ್ ತೆರೆದುಕೊಳ್ಳದೆ ತೀರಿಕೊಂಡವರು ನಮ್ಮದೇ ರಾಜ್ಯದ ಹೊಸನಗರ ತಾಲ್ಲೂಕಿನವರು, ವಾಯುಪಡೆಯಲ್ಲಿ ಇತರರಿಗೆ ಜಿಗಿಯುವುದನ್ನು ಕಲಿಸುತ್ತಿದ್ದ ವಾರಂಟ್ ಆಫೀಸರ್. ಅಷ್ಟು ಬಲ್ಲವರಿಗೇ ಹೀಗಾಗಬಹುದಾದರೆ ಇಪ್ಪತ್ತು ನಿಮಿಷ ಕೇಳಿ ಹೋದವರ ಗತಿ ಏನು? ಇದೇ ಘಟನೆ ಹೇಳಿ "ಅದಕ್ಕೇ ಹೋಗಬೇಡಿ ಅನ್ನೋದು" ಎನ್ನುವ ಹಿರಿಯರು ಇದ್ದಾರೆ. ಅವರ ಮೇಲೆ ಗೌರವವಿಟ್ಟುಕೊಂಡೇ ಒಂದು ಮಾತು. ಪ್ರತಿ ಬೇಸಿಗೆಯಲ್ಲೂ ಈಜು ಬಾರದ ಹುಡುಗರು ನಾಲೆಗೆ, ಕೆರೆಗೆ, ಹಿನ್ನೀರಿಗೆ ಇಳಿದು ಸಾಯುತ್ತಾರೆ. ಅಲ್ಲಿ ಮೀಸಲೂ ಇಲ್ಲ, ತರಬೇತುದಾರರೂ ಇಲ್ಲ, ಫಾರ್ಮ್ ಕೂಡ ಇಲ್ಲ. ಅದನ್ನು ಯಾರೂ ಸಾಹಸ ಕ್ರೀಡೆ ಎನ್ನುವುದಿಲ್ಲ, ಹಾಗಾಗಿ ಯಾರೂ ಹೆದರುವುದೂ ಇಲ್ಲ. ಹೆದರಿಕೆಯನ್ನು ನಾವು ತಪ್ಪು ಜಾಗದಲ್ಲಿ ಇಟ್ಟುಕೊಂಡಿದ್ದೇವೆ.

ಕಾನೂನಿನ ಕಡೆಯಿಂದಲೂ ಕೇಳಲು ದಾರಿಯಿದೆ. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿಯನ್ನು ಹೊರತಂದಿತು. ಪ್ಯಾರಾಗ್ಲೈಡಿಂಗ್, ಬಲೂನಿಂಗ್ ಜೊತೆ ಸ್ಕೈಡೈವಿಂಗ್ ಕೂಡ ಅದರೊಳಗಿದೆ. ಸಲಕರಣೆ, ಸಿಬ್ಬಂದಿ, ತರಬೇತಿ ಇವುಗಳಿಗೆ ಸುರಕ್ಷತಾ ಮಾನದಂಡ ಇರಬೇಕೆಂದು ನೀತಿ ಹೇಳುತ್ತದೆ. ಮೇಲೆ ಭಾರತೀಯ ವಾಯು ಕ್ರೀಡಾ ಒಕ್ಕೂಟ, ಕೆಳಗೆ ಪ್ರತಿ ಕ್ರೀಡೆಗೊಂದು ರಾಷ್ಟ್ರೀಯ ಸಂಘ, ಆಮೇಲೆ ರಾಜ್ಯ, ಜಿಲ್ಲಾ ಮಟ್ಟದ ಘಟಕಗಳು ಎಂಬ ನಾಲ್ಕು ಹಂತಗಳನ್ನೂ ಹೇಳಿದೆ. ಕಾಲೇಜಿಗೆ ಪೋಸ್ಟರ್ ಹಿಡಿದು ಬಂದವರನ್ನು ನೀವು ಯಾವ ಸಂಘದಡಿ ನೋಂದಾಯಿಸಿದ್ದೀರಿ, ಹಾರಾಟಕ್ಕೆ ಡಿಜಿಸಿಎ ಅನುಮತಿ ಎಲ್ಲಿ, ವಿಮೆ ಯಾರ ಹೆಸರಿನಲ್ಲಿ ಎಂದು ಪ್ರಾಂಶುಪಾಲರು ಕೇಳಲೇಬೇಕು. ವಿದ್ಯಾರ್ಥಿಗಳಿಂದ ಸಹಿ ಮಾಡಿಸಿಕೊಳ್ಳುವ ಹೊಣೆಮುಕ್ತಿ ಪತ್ರವನ್ನು ಕನ್ನಡದಲ್ಲೂ ಕೊಡಬೇಕು. ನಮ್ಮಣ್ಣ ಸಹಿ ಹಾಕಲು ಹೊರಟಿದ್ದ ಪತ್ರದ ಅರ್ಧ ಪದಗಳು ಇಂಗ್ಲಿಷ್‌ನಲ್ಲೇ ಓದುವ ನನಗೂ ಅರ್ಥವಾಗಲಿಲ್ಲ.

ದುಡ್ಡಿಲ್ಲದವರಿಗೆ ಇನ್ನೊಂದು ದಾರಿಯೂ ಇದೆ, ಅದರ ಬಗ್ಗೆ ಪೋಸ್ಟರ್ ಯಾರೂ ಹಾಕುವುದಿಲ್ಲ. ಎನ್‌ಸಿಸಿಯಲ್ಲಿ ಆಯ್ಕೆಯಾದ ಕೆಡೆಟ್‌ಗಳಿಗೆ, ಹುಡುಗ ಹುಡುಗಿಯರಿಬ್ಬರಿಗೂ, ಆಗ್ರಾದ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆಯಲ್ಲಿ ಪ್ಯಾರಾ ಕೋರ್ಸ್ ಇದೆ. ಸೀಟು ಕಡಿಮೆ, ದೈಹಿಕ ಪರೀಕ್ಷೆ ಕಠಿಣ. ಆದರೆ ಅಲ್ಲಿ ವಿಮಾನ ಹತ್ತಿಸುವ ಮೊದಲು ದಿನಗಟ್ಟಲೆ ನೆಲದ ಮೇಲೆ ಉರುಳುವುದನ್ನೇ ಕಲಿಸುತ್ತಾರೆ. ಹುಣಸೂರಿನ ರಸ್ತೆಗಳಲ್ಲಿ ಬೆಳಗಿನ ಜಾವ ಐದಕ್ಕೆ ಅಗ್ನಿವೀರ್ ನೇಮಕಾತಿಗೆಂದು ಓಡುವ ಹುಡುಗರನ್ನು ಬಸ್ಸಿನಿಂದ ದಿನವೂ ನೋಡುತ್ತೇನೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ. ಸೇನೆಯಲ್ಲಿ ಆ ಎದೆಬಿಲ್ಲೆ ಪಡೆಯಲು ಐದು ಜಿಗಿತ ಬೇಕು, ಅದರಲ್ಲಿ ಒಂದು ರಾತ್ರಿಯದು.

ನಮ್ಮಣ್ಣನ ಕಥೆ ಏನಾಯಿತು ಎಂದು ಕೇಳಬಹುದು. ನಾನು ಒಂದು ಹಾಳೆಯಲ್ಲಿ ಪ್ರಶ್ನೆ ಬರೆದುಕೊಟ್ಟೆ: ಟ್ಯಾಂಡಮ್ಮೋ ಒಂಟಿಯೋ, ಮೀಸಲು ಮಡಚಿದ ತಾರೀಕು ಯಾವುದು, ಎಎಡಿ ಇದೆಯೇ, ತರಬೇತುದಾರರ ಪರವಾನಗಿ ತೋರಿಸುವಿರಾ. ಅವನು ಸ್ಪೀಕರ್ ಹಾಕಿ ಫೋನ್ ಮಾಡಿದ. ಮೊದಲನೇ ಪ್ರಶ್ನೆಗೆ ಉತ್ತರ ಬಂತು, ಒಂಟಿ ಜಿಗಿತ. ಎರಡನೆಯದಕ್ಕೆ ಆಚೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಯಾವ ಚಾನೆಲ್‌ನವ್ರು ಸಾರ್?" ಎಂದು ಕೇಳಿದರು. ನಮಗೆ ನಗು ತಡೆಯಲಾಗಲಿಲ್ಲ. ದುಡ್ಡು ಕಟ್ಟಲಿಲ್ಲ. ಆಸೆಯನ್ನೂ ಬಿಟ್ಟಿಲ್ಲ, ಕಾಗದಪತ್ರ ತೋರಿಸುವವರು ಸಿಕ್ಕರೆ ಹೋಗುತ್ತಾನೆ. ಆಗ ಅವನ ಜೊತೆ ನಾನೂ ಹೋಗುತ್ತೇನೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು ಎಂದು ನಮ್ಮ ತರಗತಿಯ ನಾಲ್ವರು ಯೋಚಿಸಿದ್ದೇವೆ. ತುರ್ತು ಅಭ್ಯಾಸಕ್ಕೆ ವಿಮಾನ ಬೇಕಿಲ್ಲ. ಬೇಕಾದದ್ದು ಒಂದು ಗಟ್ಟಿ ಚೌಕಟ್ಟು, ನೇತಾಡಲು ಪಟ್ಟಿ, ಎದೆಯ ಎರಡೂ ಕಡೆ ಎಳೆದರೆ ಕಿತ್ತುಬರುವ ಎರಡು ಹಿಡಿಕೆ, ಕೆಳಗೆ ದಪ್ಪ ಹಾಸು. ಕಾಲು ನೆಲದಿಂದ ಒಂದಡಿ ಮೇಲಿದ್ದರೆ ಸಾಕು. ಚೌಕಟ್ಟನ್ನು ನಮ್ಮ ವರ್ಕ್‌ಶಾಪಿನಲ್ಲೇ ವೆಲ್ಡ್ ಮಾಡಬಹುದು, ಭಾರದ ಲೆಕ್ಕ ಹಾಕಿ ಡ್ರಾಯಿಂಗ್ ಮಾಡಿದ್ದೇವೆ. ಹೇಳಿಕೊಡಲು ಬಲ್ಲವರು ಬೇಕು. ಪಿರಿಯಾಪಟ್ಟಣದ ಗಡಿ ದಾಟಿದರೆ ಕೊಡಗು, ನಿವೃತ್ತ ಸೈನಿಕರಿಗೆ ಈ ಕಡೆ ಕೊರತೆಯಿಲ್ಲ. ಪ್ಯಾರಾ ಜಿಗಿತ ಮಾಡಿದ ಒಬ್ಬರು ಮಾಜಿ ಯೋಧರು ತಿಂಗಳಿಗೊಂದು ಭಾನುವಾರ ಬರುತ್ತೇನೆಂದು ಒಪ್ಪಿದ್ದಾರೆ. "ಬರೀ ಹಿಡಿಕೆ ಎಳೆಯೋದಲ್ಲ ಮಕ್ಳೇ, ಬೀಳೋದನ್ನೂ ಕಲೀಬೇಕು, ಮರಳು ತಂದು ಹಾಕ್ಸಿ" ಎಂದು ಹೇಳಿದ್ದಾರೆ. ಒಂದು ಟ್ರ್ಯಾಕ್ಟರ್ ಲೋಡು ಮರಳಿನ ಬೆಲೆ ಕೇಳಿ ನಾಲ್ವರೂ ಸುಸ್ತಾಗಿ, ಈಗ ಅದನ್ನು ಅರ್ಧ ಲೋಡಿಗೆ ಇಳಿಸಿ ಅರ್ಜಿಯನ್ನು ತಿದ್ದಿ ಬರೆಯುತ್ತಿದ್ದೇವೆ.